ಮೀನಿನ ರೋಗನಿರೋಧಕ ಜೀವಕೋಶಗಳ ವಂಶವಾಹಿ ಅಧ್ಯಯನ ಮತ್ತು ಕಲಬುರಗಿ ಜಿಲ್ಲೆಯ ಬಿತ್ತನೆ ಮೀನುಮರಿ: ಒಂದು ವಿಶ್ಲೇಷಣೆ

(ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಮೀನು ಕೃಷಿಕರು, ಮೀನುಗಾರರ ಸಹಕಾರ ಸಂಘಗಳು ಮತ್ತು ಇಲಾಖಾ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅವಗಾಹನೆಗಾಗಿ)

1. ಪೀಠಿಕೆ

ಬಿತ್ತನೆ ಮೀನುಮರಿ, ಕೆರೆ ಗುತ್ತಿಗೆ ಅಥವಾ ಕೊಳ ನಿರ್ಮಾಣದ ಸಹಾಯಧನಕ್ಕಾಗಿ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ಮರಿಗಳ ಸಂಖ್ಯೆ, ದರ ಮತ್ತು ತಳಿಯ ಬಗ್ಗೆ ವಿಚಾರಿಸುತ್ತಾರೆ. ರೋಗದ ಪ್ರಶ್ನೆ ಏಳುವುದು ಬಹುತೇಕ ತಡವಾಗಿ, ಮೀನುಗಳು ದಡಕ್ಕೆ ತೇಲಿ ಬಂದ ನಂತರ. ಆ ವೇಳೆಗೆ ಮಾಡಬಹುದಾದುದು ಅಲ್ಪವೇ ಆಗಿರುತ್ತದೆ.

ಸಣ್ಣ ಕೊಳದಲ್ಲಿ ಸುಣ್ಣ ಹಾಕಬಹುದು, ನೀರು ಬದಲಿಸಬಹುದು. ಆದರೆ ನೂರಾರು ಎಕರೆ ವಿಸ್ತಾರದ ಕೆರೆಗೆ ಅಥವಾ ಜಲಾಶಯಕ್ಕೆ ಔಷಧೋಪಚಾರ ಮಾಡುವುದು ಸಾಧ್ಯವಿಲ್ಲ. ಜನರು ಕುಡಿಯುವ ನೀರಾದಲ್ಲಿ ಅದು ಸಲ್ಲದು ಕೂಡ. ಇಂತಹ ನೀರಿನಲ್ಲಿ ಮೀನಿಗೆ ದೊರೆಯುವ ರಕ್ಷಣೆ ಮುಖ್ಯವಾಗಿ ಅದರ ದೇಹದೊಳಗಿನ ರೋಗನಿರೋಧಕ ಶಕ್ತಿಯಿಂದಲೇ ಬರಬೇಕು. ಆ ಶಕ್ತಿಯನ್ನು ಹೊತ್ತಿರುವ ಜೀವಕೋಶಗಳು ಯಾವುವು, ಅವು ಎಷ್ಟು ಬಗೆಯವು, ಒಂದು ತಳಿಯಲ್ಲಿ ಬಲವಾಗಿದ್ದು ಇನ್ನೊಂದರಲ್ಲಿ ದುರ್ಬಲವಾಗಿರುವುದೇಕೆ ಎಂಬುದನ್ನು ವಂಶವಾಹಿ ಅನುಕ್ರಮವನ್ನು ಓದುವ ತಂತ್ರಜ್ಞಾನದಿಂದ ತಿಳಿಯುವ ಪ್ರಯತ್ನಗಳು ಕಳೆದ ಎರಡು ದಶಕಗಳಲ್ಲಿ ನಡೆದಿವೆ. ಈ ಅಧ್ಯಯನಗಳಿಂದ ನಮ್ಮ ಭಾಗದ ಮೀನು ಕೃಷಿಕರಿಗೆ ಈಗಾಗಲೇ ದೊರೆತಿರುವುದೇನು, ಇನ್ನೂ ದೊರೆಯಬೇಕಾಗಿರುವುದೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಕಲಬುರಗಿ ಮತ್ತು ಕಮಲಾಪುರದ ಪರಿಸ್ಥಿತಿ

ಕಲಬುರಗಿ ಜಿಲ್ಲೆಯು ಮುಖ್ಯವಾಗಿ ಒಣಭೂಮಿ ಪ್ರದೇಶ. ಕಲಬುರಗಿ–ಹುಮನಾಬಾದ್ ಹೆದ್ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಈ ತಾಲ್ಲೂಕಿನಲ್ಲಿ ಬೆಣ್ಣೆತೊರಾ ನದಿಯೂ ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯವೂ ಮುಖ್ಯ ಜಲಸಂಪನ್ಮೂಲಗಳು. ಕಲಬುರಗಿ ನಗರದ ಕುಡಿಯುವ ನೀರಿಗೆ ಭೀಮಾ ಮತ್ತು ಬೆಣ್ಣೆತೊರಾ ನದಿಗಳೇ ಆಧಾರ. ಅಂದರೆ ಮೀನು ಬೆಳೆಯುವ ನೀರು ಮತ್ತು ನಗರದ ಮನೆಗಳ ನಲ್ಲಿಗೆ ಬರುವ ನೀರು ಒಂದೇ ಮೂಲದ್ದು. ಮೀನಿಗೆ ರೋಗ ಬಂತೆಂದು ಈ ನೀರಿಗೆ ರಾಸಾಯನಿಕ ಸುರಿಯುವಂತಿಲ್ಲ.

ಇಲ್ಲಿಯ ಕೆರೆಗಳು ಮುಂಗಾರಿನ ಕೊನೆಯ ಭಾಗದಲ್ಲಿ ತುಂಬುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೀನುಮರಿ ಬಿತ್ತನೆ ನಡೆಯುತ್ತದೆ. ಬೇಸಿಗೆಯಲ್ಲಿ ಅನೇಕ ಕೆರೆಗಳು ಬತ್ತುವುದರಿಂದ ಮೀನು ಬೆಳೆಯಲು ದೊರೆಯುವ ಅವಧಿ ಕೆಲವೇ ತಿಂಗಳುಗಳದ್ದು. ಬಿತ್ತಿದ ಮರಿಗಳು ಹೊಸ ನೀರಿಗೆ ಹೊಂದಿಕೊಳ್ಳುತ್ತಿರುವಾಗಲೇ ಚಳಿಗಾಲ ಬರುತ್ತದೆ. ಮೀನು ಶೀತರಕ್ತ ಪ್ರಾಣಿ. ನೀರು ತಣ್ಣಗಾದಂತೆ ಅದರ ದೇಹದಲ್ಲಿ ಪ್ರತಿಕಾಯಗಳ ತಯಾರಿ ನಿಧಾನವಾಗುತ್ತದೆ. ಹೀಗಾಗಿ ಚಿಕ್ಕ ಮರಿ, ಹೊಸ ನೀರು ಮತ್ತು ಕುಗ್ಗಿದ ರೋಗನಿರೋಧಕ ಶಕ್ತಿ ಈ ಮೂರೂ ಒಂದೇ ಕಾಲಕ್ಕೆ ಕೂಡಿ ಬರುತ್ತವೆ. ಆ ತಿಂಗಳುಗಳಲ್ಲಿ ಮರಿಗಳನ್ನು ಕಳೆದುಕೊಂಡ ಗುತ್ತಿಗೆದಾರನಿಗೆ ಅದೇ ವರ್ಷ ಮರಳಿ ಬಿತ್ತಲು ನೀರೂ ಸಮಯವೂ ಉಳಿಯುವುದಿಲ್ಲ.

3. ಹುಣ್ಣು ರೋಗ ಎತ್ತಿದ ಪ್ರಶ್ನೆ

ಈ ವಿಷಯದ ಮಹತ್ವವನ್ನು ಅರಿಯಲು ಹುಣ್ಣು ರೋಗದ ಇತಿಹಾಸವನ್ನು ನೆನೆಯಬೇಕು. ಇ.ಯು.ಎಸ್. ಎಂದು ಕರೆಯಲಾಗುವ ಈ ರೋಗವನ್ನು ಮೊದಲು 1971ರಲ್ಲಿ ಜಪಾನಿನಲ್ಲಿ ಗುರುತಿಸಲಾಯಿತು. 1988ರಲ್ಲಿ ಅದು ಭಾರತದ ಈಶಾನ್ಯ ರಾಜ್ಯಗಳನ್ನು ಪ್ರವೇಶಿಸಿ, ನಂತರದ ವರ್ಷಗಳಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗಕ್ಕೆ ಹರಡಿತು. ಅಫನೋಮೈಸಿಸ್ ಇನ್ವಡಾನ್ಸ್ ಎಂಬ ಶಿಲೀಂಧ್ರದಂತಹ ಜಲಜೀವಿ ಇದಕ್ಕೆ ಮೂಲ ಕಾರಣ. ಅದು ಮೀನಿನ ಚರ್ಮದ ಮೂಲಕ ಒಳಹೊಕ್ಕು ಮಾಂಸವನ್ನು ಕೊರೆಯುತ್ತದೆ. ನಂತರ ಏರೋಮೊನಾಸ್‌ನಂತಹ ಬ್ಯಾಕ್ಟೀರಿಯಾಗಳು ಆ ಗಾಯದಲ್ಲಿ ಸೇರಿಕೊಳ್ಳುತ್ತವೆ. ಮಳೆಗಾಲದ ನಂತರ, ನೀರಿನ ತಾಪಮಾನ 18ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊರವ ಮೀನಿಗೆ ಈ ರೋಗ ಬಹುಬೇಗ ತಗಲುತ್ತದೆ. ಕಾಟ್ಲಾ, ರೋಹು ಮತ್ತು ಮೃಗಾಲ ಮರಿಗಳಿಗೂ ತಗಲುತ್ತದೆ. ಆದರೆ ಸಾಮಾನ್ಯ ಗೆಂಡೆಯು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ರೋಹು ಮತ್ತು ಸಾಮಾನ್ಯ ಗೆಂಡೆ ಎರಡೂ ಗೆಂಡೆ ಕುಟುಂಬಕ್ಕೇ ಸೇರಿದವು. ಒಂದೇ ಕೆರೆಯಲ್ಲಿ, ಒಂದೇ ರೋಗಾಣುವಿಗೆ ಒಡ್ಡಿಕೊಂಡರೂ ಒಂದರ ಮೈಮೇಲೆ ಹುಣ್ಣು ಏಳುತ್ತದೆ, ಇನ್ನೊಂದು ಉಳಿದುಕೊಳ್ಳುತ್ತದೆ. ಈ ವ್ಯತ್ಯಾಸಕ್ಕೆ ನೀರಿನ ಗುಣಮಟ್ಟ ಕಾರಣವಾಗಿರಲಾರದು. ಅದನ್ನು ಮೀನಿನ ದೇಹದೊಳಗೇ ಹುಡುಕಬೇಕು. ರೋಗನಿರೋಧಕ ಜೀವಕೋಶಗಳ ಅಧ್ಯಯನದ ಅಗತ್ಯ ಇಲ್ಲಿಂದ ಆರಂಭವಾಗುತ್ತದೆ.

4. ಮೀನಿನ ದೇಹದ ರಕ್ಷಣಾ ವ್ಯವಸ್ಥೆ

ಮನುಷ್ಯರಲ್ಲಿ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ. ಮೀನಿನಲ್ಲಿ ಆ ಕಾರ್ಯವನ್ನು ಮೂತ್ರಪಿಂಡದ ಮುಂಭಾಗವು ನಿರ್ವಹಿಸುತ್ತದೆ. ಥೈಮಸ್ ಮತ್ತು ಗುಲ್ಮಗಳು ಮೀನಿಗೂ ಇವೆ, ದುಗ್ಧ ಗ್ರಂಥಿಗಳು ಇಲ್ಲ. ಕಿವಿರು, ಚರ್ಮ ಮತ್ತು ಕರುಳಿನ ಲೋಳೆಪದರವೇ ಮೊದಲ ಕಾವಲು.

ಈ ವ್ಯವಸ್ಥೆಯಲ್ಲಿ ರೋಗಾಣುವನ್ನು ನುಂಗುವ ಜೀವಕೋಶಗಳು, ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳು ಮತ್ತು ಸೋಂಕಿತ ಕೋಶಗಳನ್ನು ಗುರುತಿಸುವ ಟಿ ಜೀವಕೋಶಗಳು ಇವೆ. ಮೀನಿನಲ್ಲಿ ಮಾತ್ರ ಕಂಡುಬರುವ ಐ.ಜಿ.ಟಿ. ಎಂಬ ಪ್ರತಿಕಾಯವನ್ನು 2005ರಲ್ಲಿ ಗುರುತಿಸಲಾಯಿತು. ಕರುಳಿನ ರಕ್ಷಣೆಯಲ್ಲಿ ಅದರ ಪಾತ್ರವು 2010ರಲ್ಲಿ ಸ್ಪಷ್ಟವಾಯಿತು.

ಮೊಟ್ಟೆಯೊಡೆದು ಹೊರಬಂದ ಮರಿಯಲ್ಲಿ ಈ ವ್ಯವಸ್ಥೆ ಪೂರ್ಣವಾಗಿರುವುದಿಲ್ಲ ಎಂಬುದು ಕೃಷಿಕರ ದೃಷ್ಟಿಯಿಂದ ಮುಖ್ಯವಾದ ಅಂಶ. ಸ್ವಂತವಾಗಿ ಪ್ರತಿಕಾಯ ತಯಾರಿಸುವ ಸಾಮರ್ಥ್ಯ ಬರಲು ಕೆಲವು ವಾರಗಳು ಬೇಕು. ಅಲ್ಲಿಯವರೆಗೆ ತಾಯಿಮೀನಿನಿಂದ ಮೊಟ್ಟೆಯ ಮೂಲಕ ಬಂದ ಅಲ್ಪ ರಕ್ಷಣೆಯೇ ಆಧಾರ. ಕೆರೆಗಳಿಗೆ ಬಲಿತ ಬಿತ್ತನೆ ಮರಿಗಳನ್ನೇ ಬಿಡಬೇಕೆಂಬ ಸಲಹೆಗೆ ಇದುವರೆಗೆ ಹೇಳುತ್ತಿದ್ದ ಕಾರಣ, ದೊಡ್ಡ ಮೀನುಗಳಿಗೆ ಅವು ಆಹಾರವಾಗದಿರಲಿ ಎಂಬುದು. ಬಲಿತ ಮರಿಯ ರೋಗನಿರೋಧಕ ಶಕ್ತಿಯೂ ಬಲಿತಿರುತ್ತದೆ ಎಂಬ ಎರಡನೆಯ ಕಾರಣವೂ ಇದೆ.

5. ವಂಶವಾಹಿ ಅನುಕ್ರಮದ ಓದು: ವಿಧಾನ

ಮನುಷ್ಯ ಮತ್ತು ಇಲಿಯ ಜೀವಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸಲು ಪ್ರಯೋಗಾಲಯಗಳಲ್ಲಿ ಸಿದ್ಧ ಸಾಮಗ್ರಿಗಳಿವೆ. ಪ್ರತಿಯೊಂದು ಬಗೆಯ ಕೋಶದ ಮೇಲ್ಮೈಗೆ ಅಂಟಿಕೊಂಡು ಅದನ್ನು ಗುರುತಿಸುವ ಪ್ರತಿಕಾಯಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಮೀನುಗಳಿಗೆ ಇಂತಹ ಸಾಮಗ್ರಿಗಳು ಬಹಳ ಕಡಿಮೆ. ಆದ್ದರಿಂದ ಮೀನಿನ ಬಿಳಿ ರಕ್ತಕಣಗಳನ್ನು ದೀರ್ಘಕಾಲ ಸೂಕ್ಷ್ಮದರ್ಶಕದಲ್ಲಿ ಕಾಣುವ ಆಕಾರದಿಂದಲೇ ವರ್ಗೀಕರಿಸಲಾಗುತ್ತಿತ್ತು. ನೋಡಲು ಒಂದೇ ರೀತಿ ಇರುವ ಎರಡು ಕೋಶಗಳು ಬೇರೆ ಬೇರೆ ಕೆಲಸ ಮಾಡುತ್ತಿದ್ದರೆ ಅದು ತಿಳಿಯುತ್ತಿರಲಿಲ್ಲ.

ಅನುಕ್ರಮ ಓದುವ ತಂತ್ರಜ್ಞಾನ ಈ ಕೊರತೆಯನ್ನು ಬೇರೊಂದು ದಾರಿಯಿಂದ ನೀಗಿಸಿತು. ಒಂದು ಮೀನಿನ ಎಲ್ಲ ಜೀವಕೋಶಗಳಲ್ಲೂ ಬಹುತೇಕ ಒಂದೇ ಡಿ.ಎನ್.ಎ. ಇರುತ್ತದೆ. ಆದರೆ ಪ್ರತಿಯೊಂದು ಕೋಶವು ತನ್ನ ಕೆಲಸಕ್ಕೆ ಬೇಕಾದ ವಂಶವಾಹಿಗಳನ್ನು ಮಾತ್ರ ಬಳಸುತ್ತದೆ. ಬಳಕೆಯಲ್ಲಿರುವ ವಂಶವಾಹಿಗಳ ಪ್ರತಿಗಳು ಆರ್.ಎನ್.ಎ. ರೂಪದಲ್ಲಿ ಕೋಶದೊಳಗೆ ಇರುತ್ತವೆ. ಮೂತ್ರಪಿಂಡದ ಮುಂಭಾಗದಿಂದ ಅಥವಾ ಗುಲ್ಮದಿಂದ ಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಒಂದೊಂದು ಕೋಶದ ಆರ್.ಎನ್.ಎ.ಗೂ ಪ್ರತ್ಯೇಕ ಗುರುತು ಹಾಕಿ, ಯಂತ್ರದಲ್ಲಿ ಓದಿ, ಒಂದೇ ಬಗೆಯ ವಂಶವಾಹಿಗಳನ್ನು ಬಳಸುವ ಕೋಶಗಳನ್ನು ಗಣಕಯಂತ್ರದ ಸಹಾಯದಿಂದ ಒಂದು ಗುಂಪಾಗಿ ಸೇರಿಸಲಾಗುತ್ತದೆ. ಕಚೇರಿಯೊಂದರಲ್ಲಿ ಎಲ್ಲರ ಬಳಿಯೂ ಒಂದೇ ಕಾನೂನು ಪುಸ್ತಕವಿದ್ದರೂ, ಮೇಜಿನ ಮೇಲೆ ತೆರೆದಿಟ್ಟ ಪುಟವನ್ನು ನೋಡಿ ಯಾರು ಯಾವ ವಿಷಯದ ನೌಕರರೆಂದು ತಿಳಿಯಬಹುದಲ್ಲವೆ? ಇಲ್ಲಿಯೂ ಹಾಗೆಯೇ.

6. ಇದುವರೆಗೆ ಕಂಡುಕೊಂಡ ಸಂಗತಿಗಳು

ಈ ಅಧ್ಯಯನಗಳಲ್ಲಿ ಬಹುಪಾಲು ಜೀಬ್ರಾಮೀನಿನ ಮೇಲೆ ನಡೆದಿವೆ. ಭಾರತ ಉಪಖಂಡದ ತೊರೆಗಳಲ್ಲಿ ವಾಸಿಸುವ ಈ ಪುಟ್ಟ ಮೀನು ರೋಹು, ಕಾಟ್ಲಾಗಳ ದೂರದ ನೆಂಟ. ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗಾ ನದಿಯ ಮೀನುಗಳ ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಈ ಮೂರಕ್ಕೂ ವೈಜ್ಞಾನಿಕ ಹೆಸರು ದೊರೆಯಿತು.

2009ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 14 ಜೀಬ್ರಾಮೀನುಗಳ ಪ್ರತಿಕಾಯ ವಂಶವಾಹಿಗಳನ್ನು ಓದಿದರು. ಒಂದು ಜೀಬ್ರಾಮೀನಿನಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳು ಸುಮಾರು 3 ಲಕ್ಷ ಮಾತ್ರ. ಆದರೂ ಪ್ರತಿಕಾಯದ ತುಣುಕುಗಳನ್ನು ಜೋಡಿಸುವ ಸಾಧ್ಯ ವಿಧಾನಗಳಲ್ಲಿ ಶೇ. 50ರಿಂದ 86ರಷ್ಟನ್ನು ಆ ಮೀನುಗಳು ಬಳಸುತ್ತಿದ್ದುದು ತಿಳಿದುಬಂತು. 2013ರಲ್ಲಿ ಜೀಬ್ರಾಮೀನಿನ ಸಂಪೂರ್ಣ ಜೀನೋಮ್ ಪ್ರಕಟವಾಯಿತು. 2017ರಲ್ಲಿ ಬಿಡಿ ಕೋಶಗಳ ಆರ್.ಎನ್.ಎ. ಓದಿನ ಮೂಲಕ ಅದೇ ಮೀನಿನಲ್ಲಿ ಟಿ ಕೋಶಗಳೂ, ಸಹಜ ಮಾರಕ ಕೋಶಗಳನ್ನು ಹೋಲುವ ಹೊಸ ಬಗೆಯೊಂದೂ ಪ್ರತ್ಯೇಕವಾಗಿ ಗುರುತಿಸಲ್ಪಟ್ಟವು. ಸಹಜ ಮಾರಕ ಕೋಶಗಳ ಮೇಲ್ಮೈ ಪ್ರೋಟೀನುಗಳು ಜೀವವಿಕಾಸದಲ್ಲಿ ಬಹುವೇಗವಾಗಿ ಬದಲಾಗಿರುವುದನ್ನೂ ಆ ಅಧ್ಯಯನ ತೋರಿಸಿತು.

2011ರಲ್ಲಿ ಅಟ್ಲಾಂಟಿಕ್ ಕಾಡ್ ಮೀನಿನ ಜೀನೋಮ್ ಓದಿದಾಗ ದೊರೆತ ಫಲಿತಾಂಶ ಇನ್ನೂ ಅನಿರೀಕ್ಷಿತ. ರೋಗನಿರೋಧಕ ವ್ಯವಸ್ಥೆಗೆ ಅನಿವಾರ್ಯವೆಂದು ಭಾವಿಸಲಾಗಿದ್ದ ಎಂ.ಎಚ್.ಸಿ. ಎರಡನೆಯ ವರ್ಗದ ವಂಶವಾಹಿಗಳೇ ಆ ಮೀನಿನಲ್ಲಿ ಇರಲಿಲ್ಲ. ಆದರೂ ಅದು ಸಮುದ್ರದಲ್ಲಿ ಸುಖವಾಗಿಯೇ ಬಾಳುತ್ತಿದೆ. ಒಂದು ಮೀನಿನಲ್ಲಿ ಕಂಡುಕೊಂಡದ್ದನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ ಎಂಬುದು ಇದರ ಪಾಠ. ಜೀಬ್ರಾಮೀನಿನ ಜ್ಞಾನ ರೋಹುವಿಗೆ ದಾರಿ ತೋರಬಲ್ಲದು. ರೋಹುವಿನ ಉತ್ತರವನ್ನು ಮಾತ್ರ ರೋಹುವಿನಲ್ಲಿಯೇ ಹುಡುಕಬೇಕು.

7. ಭಾರತ ಮತ್ತು ಕರ್ನಾಟಕದಲ್ಲಿ ನಡೆದ ಕೆಲಸ

ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ಸಹಯೋಗದಲ್ಲಿ 1992ರಲ್ಲಿ ರೋಹು ತಳಿ ಸುಧಾರಣೆಯನ್ನು ಆರಂಭಿಸಿತು. ಅದರ ಫಲವಾಗಿ ಶೀಘ್ರವಾಗಿ ಬೆಳೆಯುವ ಜಯಂತಿ ರೋಹು 1997ರಲ್ಲಿ ಬಿಡುಗಡೆಯಾಯಿತು. ನಂತರ ಏರೋಮೊನಾಸ್ ಹೈಡ್ರೋಫಿಲಾ ಬ್ಯಾಕ್ಟೀರಿಯಾವನ್ನು ತಡೆದುಕೊಳ್ಳುವ ಮತ್ತು ತಡೆದುಕೊಳ್ಳದ ರೋಹು ಕುಟುಂಬಗಳನ್ನು ಬೇರೆ ಬೇರೆಯಾಗಿ ಬೆಳೆಸಲಾಯಿತು. ಇವುಗಳ ಆರ್.ಎನ್.ಎ. ಅನುಕ್ರಮವನ್ನು ಓದಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. 2014ರಲ್ಲಿ ರೋಹುವಿನ 25 ಜೋಡಿ ವರ್ಣತಂತುಗಳಿಗೆ ಅನುಗುಣವಾದ ವಂಶವಾಹಿ ನಕ್ಷೆಯನ್ನು ರಚಿಸಿ, ರೋಗ ತಡೆಯುವ ಗುಣಕ್ಕೆ ಸಂಬಂಧಿಸಿದ ಭಾಗಗಳನ್ನು ಗುರುತಿಸಲಾಯಿತು. ರೋಹುವಿನ ಜೀನೋಮ್ ಸಹ 2020ರಲ್ಲಿ ಪ್ರಕಟಗೊಂಡಿದೆ.

ಕರ್ನಾಟಕದ ಕೊಡುಗೆಯೂ ಇಲ್ಲಿ ಉಲ್ಲೇಖಾರ್ಹ. 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು ದೇಶದ ಮೊದಲ ಮೀನುಗಾರಿಕಾ ಕಾಲೇಜು. ಇಂದು ಅದು ಬೀದರ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿಯ ವಿಜ್ಞಾನಿಗಳು 1990ರ ದಶಕದಲ್ಲಿ ಏರೋಮೊನಾಸ್ ವಿರುದ್ಧ ಆಹಾರದ ಮೂಲಕ ಕೊಡಬಹುದಾದ ಲಸಿಕೆಯೊಂದನ್ನು ರೂಪಿಸಿದರು. ಬ್ಯಾಕ್ಟೀರಿಯಾವನ್ನು ಕೈಟಿನ್ ಚೂರುಗಳ ಮೇಲೆ ಪದರವಾಗಿ ಬೆಳೆಸಿ, ಶಾಖದಿಂದ ನಿಷ್ಕ್ರಿಯಗೊಳಿಸಿ, ಆಹಾರದಲ್ಲಿ ಬೆರೆಸಿ ಕಾಟ್ಲಾ, ರೋಹು ಮತ್ತು ಸಾಮಾನ್ಯ ಗೆಂಡೆಗೆ ಉಣಿಸಲಾಯಿತು. ಪದರದ ಅಂಟು ಹೊದಿಕೆಯು ಲಸಿಕೆಯನ್ನು ಜೀರ್ಣರಸದಿಂದ ಕಾಪಾಡುತ್ತದೆ ಎಂಬುದು ಇದರ ಹಿಂದಿನ ತರ್ಕ. ಇದರ ಫಲಿತಾಂಶಗಳು 1999ರಲ್ಲಿ ಪ್ರಕಟವಾದವು.

ಅಂದಿನ ವಿಜ್ಞಾನಿಗಳು ಲಸಿಕೆಯ ಪರಿಣಾಮವನ್ನು ರಕ್ತದಲ್ಲಿಯ ಪ್ರತಿಕಾಯದ ಪ್ರಮಾಣದಿಂದ ಮತ್ತು ಬದುಕುಳಿದ ಮೀನುಗಳ ಸಂಖ್ಯೆಯಿಂದ ಅಳೆಯಬೇಕಾಗಿತ್ತು. ಲಸಿಕೆ ತಿಂದ ನಂತರ ಕರುಳಿನಲ್ಲಿ ಯಾವ ಬಗೆಯ ಕೋಶಗಳು ಹೆಚ್ಚಿದವು, ಅವು ಎಷ್ಟು ಕಾಲ ಉಳಿದವು ಎಂಬುದನ್ನು ಇಂದು ಅನುಕ್ರಮದ ಓದಿನಿಂದ ನೇರವಾಗಿ ನೋಡಬಹುದು. ಹಳೆಯ ಲಸಿಕೆಯ ಪ್ರಶ್ನೆಗಳನ್ನು ಹೊಸ ವಿಧಾನದಿಂದ ಮರಳಿ ಕೇಳಬಹುದಾದ ಕಾಲವಿದು.

8. ವಿಶ್ಲೇಷಣೆ

ಮೇಲಿನ ಸಂಗತಿಗಳಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ.

ಮೊದಲನೆಯದು, ರೋಗ ತಡೆಯುವ ಗುಣ ವಂಶಪಾರಂಪರ್ಯವಾಗಿ ಬರುತ್ತದೆ, ಅದನ್ನು ಆರಿಸಿ ಬೆಳೆಸಬಹುದು. ಆದುದರಿಂದ ತಾಯಿಮೀನಿನ ಆಯ್ಕೆಯೇ ರೋಗ ನಿಯಂತ್ರಣದ ಮೊದಲ ಹೆಜ್ಜೆ. ಒಂದೇ ಕೆಲವು ತಾಯಿಮೀನುಗಳಿಂದ ವರ್ಷಾನುಗಟ್ಟಲೆ ಮರಿ ಮಾಡುತ್ತಾ ಹೋದಲ್ಲಿ ರೋಗನಿರೋಧಕ ವಂಶವಾಹಿಗಳ ವೈವಿಧ್ಯವೇ ಕುಗ್ಗುತ್ತದೆ. ಅಂತಹ ಮರಿಗಳಿಂದ ತುಂಬಿದ ಕೆರೆಗೆ ಒಂದು ರೋಗಾಣು ಹೊಕ್ಕರೆ ಎಲ್ಲವೂ ಒಟ್ಟಿಗೆ ಬಲಿಯಾಗುವ ಅಪಾಯವಿದೆ.

ಎರಡನೆಯದು, ಪ್ರಯೋಗಾಲಯದ ಫಲಿತಾಂಶ ಮತ್ತು ಕೆರೆಯ ದಂಡೆಯ ನಡುವೆ ಇನ್ನೂ ಅಂತರವಿದೆ. ಜಯಂತಿ ರೋಹುವನ್ನು ಮುಖ್ಯವಾಗಿ ಬೆಳವಣಿಗೆಯ ವೇಗಕ್ಕಾಗಿ ಆರಿಸಲಾಗಿದೆ. ಅದು ಎಲ್ಲ ರೋಗಗಳನ್ನೂ ತಡೆಯುವ ತಳಿ ಎಂದು ಅರ್ಥೈಸಬಾರದು. ಏರೋಮೊನಾಸ್ ತಡೆಯುವ ಕುಟುಂಬವು ಹುಣ್ಣು ರೋಗವನ್ನೂ ತಡೆಯುತ್ತದೆ ಎಂದು ಭಾವಿಸುವಂತೆಯೂ ಇಲ್ಲ. ಏಕೆಂದರೆ ಒಂದೊಂದು ರೋಗಾಣುವಿನ ಎದುರು ಕೆಲಸ ಮಾಡುವ ಕೋಶಗಳು ಬೇರೆಯಾಗಿರಬಹುದು. ಆದ್ದರಿಂದ "ಯಾವ ರೋಗವೂ ಬಾರದ ಮರಿ" ಎಂದು ಹೇಳಿ ಹೆಚ್ಚಿನ ದರ ಕೇಳುವ ಮಾರಾಟಗಾರರ ಮಾತನ್ನು ಸಾರ್ವಜನಿಕರು ನಂಬಬಾರದು.

ಮೂರನೆಯದು, ಈ ಅಂತರ ತುಂಬಬೇಕಾದರೆ ಕೆರೆಯಿಂದ ಪ್ರಯೋಗಾಲಯಕ್ಕೆ ಮಾಹಿತಿ ಹೋಗಬೇಕು. ಕಲಬುರಗಿಯ ಬಿಸಿಲು, ಇಲ್ಲಿಯ ಚಳಿಗಾಲದ ನೀರು, ಬೇಸಿಗೆಯಲ್ಲಿ ಕುಗ್ಗುವ ಕೆರೆ ಇವುಗಳಲ್ಲಿ ಯಾವ ಮೀನು ಉಳಿಯುತ್ತದೆ, ಯಾವುದು ಸಾಯುತ್ತದೆ ಎಂಬುದು ಬೇರೆ ರಾಜ್ಯದ ಕೊಳಗಳಲ್ಲಿ ನಡೆದ ಪ್ರಯೋಗದಿಂದ ಪೂರ್ಣವಾಗಿ ತಿಳಿಯದು. ಮೀನು ಸತ್ತಾಗ ಹೂತುಹಾಕಿ ಸುಮ್ಮನಾದಲ್ಲಿ ಕೃಷಿಕನಿಗೆ ನಷ್ಟವಾಗುವುದಲ್ಲದೆ, ಮುಂದಿನ ವರ್ಷ ಇನ್ನೊಬ್ಬರಿಗೆ ಸಹಾಯವಾಗಬಹುದಾಗಿದ್ದ ಮಾಹಿತಿಯೂ ಮಣ್ಣುಪಾಲಾಗುತ್ತದೆ.

ಈ ಉದ್ದೇಶಕ್ಕಾಗಿಯೇ ಜಲಚರ ಪ್ರಾಣಿಗಳ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮವು 2013ರಲ್ಲಿ ಆರಂಭಗೊಂಡಿತು. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇದನ್ನು ಸಂಯೋಜಿಸುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅದರ ಎರಡನೆಯ ಹಂತಕ್ಕೆ ರೂ. 33.78 ಕೋಟಿ ಮಂಜೂರಾಯಿತು. ಮೀನುಗಳಲ್ಲಿ ರೋಗ ಕಂಡಾಗ ಕೃಷಿಕರೇ ವರದಿ ಮಾಡಲು ಅನುಕೂಲವಾಗುವಂತೆ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಮೊಬೈಲ್ ಆ್ಯಪ್‌ಅನ್ನು 2023ರ ಜೂನ್ 28ರಂದು ಬಿಡುಗಡೆ ಮಾಡಲಾಯಿತು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಬಿತ್ತನೆ ಮರಿಗಳನ್ನು ಇಲಾಖೆಯ ಮೀನುಮರಿ ಕೇಂದ್ರಗಳಿಂದ ಅಥವಾ ಮೂಲ ಖಚಿತವಿರುವ ಪಾಲನಾ ಕೇಂದ್ರಗಳಿಂದ ಮಾತ್ರ ಪಡೆಯುವುದು. ತಾಯಿಮೀನುಗಳನ್ನು ಎಲ್ಲಿಂದ ತರಲಾಗಿದೆ, ಎಷ್ಟು ವರ್ಷಕ್ಕೊಮ್ಮೆ ಬದಲಿಸಲಾಗುತ್ತದೆ ಎಂದು ಕೇಳಿ ತಿಳಿಯುವುದು. ಖರೀದಿಯ ರಸೀದಿಯನ್ನು ಜೋಪಾನವಾಗಿಡುವುದು.

(ಆ) ಜಲಾಶಯ ಮತ್ತು ದೊಡ್ಡ ಕೆರೆಗಳಿಗೆ ಸುಮಾರು 100 ಮಿ.ಮೀ. ಉದ್ದದ ಬಲಿತ ಮರಿಗಳನ್ನು ಆರಿಸುವುದು. ಚಿಕ್ಕ ಮರಿಗಳು ಕಡಿಮೆ ಬೆಲೆಗೆ ಸಿಕ್ಕರೂ ಉಳಿಯುವ ಪ್ರಮಾಣ ಕಡಿಮೆ.

(ಇ) ಒಂದೇ ತಳಿಯ ಬದಲು ಕಾಟ್ಲಾ, ರೋಹು, ಮೃಗಾಲ ಮತ್ತು ಸಾಮಾನ್ಯ ಗೆಂಡೆಯನ್ನು ಸೂಕ್ತ ಪ್ರಮಾಣದಲ್ಲಿ ಬೆರೆಸಿ ಬಿತ್ತುವುದರಿಂದ ಒಂದು ರೋಗದಿಂದ ಇಡೀ ಬೆಳೆ ಹೋಗುವ ಅಪಾಯ ತಗ್ಗುತ್ತದೆ.

(ಈ) ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ನಿಷೇಧಿಸಲಾಗಿದೆ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್ ವರ್ಗದ ಔಷಧಗಳ ಬಳಕೆಯೂ ನಿಷಿದ್ಧ. ಕುಡಿಯುವ ನೀರಿನ ಮೂಲಗಳಿಗೆ ಯಾವುದೇ ರಾಸಾಯನಿಕವನ್ನು ಹಾಕಬಾರದು.

(ಉ) ಮೀನುಗಳ ಮೈಮೇಲೆ ಕೆಂಪು ಕಲೆ, ಹುಣ್ಣು ಅಥವಾ ಅಸಹಜ ಸಾವು ಕಂಡುಬಂದಲ್ಲಿ ತಡಮಾಡದೆ ತಾಲ್ಲೂಕಿಗೆ ಸಂಬಂಧಿಸಿದ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸುವುದು. ಕೊಳೆತ ಮೀನು ಪರೀಕ್ಷೆಗೆ ಉಪಯುಕ್ತವಲ್ಲ. ಜೀವಕೋಶದೊಳಗಿನ ಆರ್.ಎನ್.ಎ. ಸಾವಿನ ನಂತರ ಬೇಗನೆ ನಾಶವಾಗುತ್ತದೆ. ಆದ್ದರಿಂದ ಇನ್ನೂ ಜೀವವಿರುವ ರೋಗಪೀಡಿತ ಮೀನನ್ನು ಅಧಿಕಾರಿಗಳಿಗೆ ತೋರಿಸುವುದು ಉತ್ತಮ.

(ಊ) ಬಿತ್ತನೆಯ ದಿನಾಂಕ, ಮರಿಗಳ ಸಂಖ್ಯೆ, ಮೂಲ, ಸತ್ತ ಮೀನುಗಳ ಎಣಿಕೆ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ವಿಮಾ ಪರಿಹಾರ ಕೋರುವಾಗಲೂ ಇಂತಹ ದಾಖಲೆ ನೆರವಾಗುತ್ತದೆ.

(ಋ) 2024ರ ಫೆಬ್ರವರಿಯಲ್ಲಿ ಅನುಮೋದನೆಗೊಂಡ ಪ್ರಧಾನಮಂತ್ರಿ ಮತ್ಸ್ಯ ಕಿಸಾನ್ ಸಮೃದ್ಧಿ ಸಹ-ಯೋಜನೆಯಲ್ಲಿ ಜಲಕೃಷಿ ವಿಮಾ ಕಂತಿನ ಶೇ. 40ರಷ್ಟನ್ನು, ಗರಿಷ್ಠ ರೂ. 1 ಲಕ್ಷದವರೆಗೆ, ಒಂದು ಬಾರಿಯ ಪ್ರೋತ್ಸಾಹಧನವಾಗಿ ನೀಡಲು ಅವಕಾಶ ಕಲ್ಪಿಸಲಾಗಿದೆ. ಇದಕ್ಕೆ ರಾಷ್ಟ್ರೀಯ ಮೀನುಗಾರಿಕಾ ಡಿಜಿಟಲ್ ವೇದಿಕೆಯಲ್ಲಿ ನೋಂದಣಿ ಅಗತ್ಯ. ವಿಮೆ ಮಾಡಿಸುವ ಮುನ್ನ ರೋಗದಿಂದಾದ ಸಾವಿಗೆ ಪರಿಹಾರ ದೊರೆಯುವುದೇ ಎಂಬುದನ್ನು ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಳ್ಳುವುದು. ಚಾಲ್ತಿಯಲ್ಲಿರುವ ಮಾರ್ಗಸೂಚಿ ಮತ್ತು ಅರ್ಜಿಯ ಕೊನೆಯ ದಿನಾಂಕವನ್ನು ಕಚೇರಿಯಲ್ಲಿ ವಿಚಾರಿಸುವುದು.

10. ಮುಕ್ತಾಯ

ಹುಣ್ಣು ರೋಗವು ಮನುಷ್ಯರಿಗೆ ಹರಡುವುದಿಲ್ಲ. ಆದರೂ ಹುಣ್ಣಾದ ಮೀನುಗಳನ್ನು ಮಾರುಕಟ್ಟೆಗೆ ತರಬಾರದು. ಅಂತಹ ಒಂದು ಬುಟ್ಟಿ ಮೀನು ಇಡೀ ಪೇಟೆಯ ಗ್ರಾಹಕರ ವಿಶ್ವಾಸವನ್ನು ಕೆಡಿಸುತ್ತದೆ.

ಮೀನಿನ ರೋಗನಿರೋಧಕ ಕೋಶಗಳ ವೈವಿಧ್ಯವನ್ನು ಅರಿಯುವ ವಿಜ್ಞಾನವು ವೇಗವಾಗಿ ಮುಂದುವರಿಯುತ್ತಿದೆ. ಅದರ ಪೂರ್ಣ ಫಲ ಕಮಲಾಪುರದ ಕೆರೆಗೆ ತಲುಪಲು ಕಾಲ ಹಿಡಿಯಬಹುದು. ಆದರೆ ಬಲಿತ ಮರಿ, ಖಚಿತ ಮೂಲ, ಮಿಶ್ರ ತಳಿ ಮತ್ತು ಸಕಾಲದ ವರದಿ ಈ ನಾಲ್ಕು ಕ್ರಮಗಳನ್ನು ಇಂದಿನಿಂದಲೇ ಪಾಲಿಸಬಹುದು. ಔಷಧ ಹಾಕಲಾಗದ ನೀರಿನಲ್ಲಿ ಮೀನು ಬೆಳೆಯುವವರು ಔಷಧದ ಅಂಗಡಿಯ ಬದಲು ಮರಿಯ ಆಯ್ಕೆಯ ಕಡೆಗೆ ಹೆಚ್ಚಿನ ಗಮನ ಹರಿಸಬೇಕೆಂದು ಈ ಮೂಲಕ ಕೋರಲಾಗಿದೆ.